‘ಭೀಕರ’ಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ಅನಾಹುತ, ಹಾಳು, ನಾಶದ ವಿಶೇಷಣಗಳು

ಕನ್ನಡದಲ್ಲಿ ಬರವೂ ಭೀಕರ, ಅಪಘಾತವೂ ಭೀಕರ, ಕಾಳಗವೂ ಭೀಕರ. ಮೂರಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಹಾಕಲು ಹೋದರೆ ಎರಡು ಕಡೆಯಾದರೂ ಎಡವುತ್ತೇವೆ. ಅಲ್ಲಿ ಬರ ‘ಸಿವಿಯರ್’, ಅಪಘಾತ ‘ಹಾರಿಫಿಕ್’, ಕಾಳಗ ‘ಫಿಯರ್ಸ್’. ನಮ್ಮ ‘ಭೀಕರ’ ನೋಡುವವರ ಎದೆಯಲ್ಲಿ ಹುಟ್ಟುವ ಭೀತಿಯನ್ನು ಹೇಳುತ್ತದೆ, ಹಾಗಾಗಿ ಎಲ್ಲಿಗಾದರೂ ಒಗ್ಗುತ್ತದೆ. ಇಂಗ್ಲಿಷಿನ ವಿಶೇಷಣಗಳು ಹೆಚ್ಚಾಗಿ ಅನಾಹುತದ ಒಂದೊಂದು ಭಾಗಕ್ಕೆ ಅಂಟಿಕೊಂಡಿವೆ. ತಪ್ಪು ನಿರ್ಧಾರಕ್ಕೆ ಒಂದು, ದಿಢೀರ್ ಕುಸಿತಕ್ಕೆ ಒಂದು, ಬರಿದಾದ ಜಾಗಕ್ಕೆ ಒಂದು, ಕಂಗೆಟ್ಟ ಮನುಷ್ಯನಿಗೆ ಇನ್ನೊಂದು.

ಆದ್ದರಿಂದ ‘ಇವುಗಳಲ್ಲಿ ಯಾವುದು ಹೆಚ್ಚು ಜೋರು?’ ಎಂದು ಕೇಳಿಕೊಂಡು ಪದ ಆರಿಸುವ ಅಭ್ಯಾಸವೇ ದಾರಿ ತಪ್ಪಿಸುತ್ತದೆ. ನಿಘಂಟಿನಲ್ಲಿ ಎಲ್ಲಕ್ಕೂ ‘ವಿನಾಶಕಾರಿ’ ಎಂಬ ಅರ್ಥವೇ ಸಿಗುವುದರಿಂದ ಯಾವುದನ್ನು ಹಾಕಿದರೂ ನಡೆದೀತು ಅನ್ನಿಸುವುದು ಸಹಜ. ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಈ ಪದವನ್ನು ಯಾವ ನಾಮಪದದ ಮುಂದೆ ಇಡುತ್ತಿದ್ದೇನೆ? ಆದದ್ದನ್ನು ಹೇಳುತ್ತಿದ್ದೇನೆಯೇ, ಆಗಬಹುದಾದ್ದನ್ನೇ? ಜಾಗದ ಮಾತೇ, ಮನುಷ್ಯರ ಮಾತೇ?

ಡಿಸಾಸ್ಟ್ರಸ್: ಗ್ರಹಚಾರ ಕೆಟ್ಟ ನಿರ್ಧಾರ

‘ಡಿಸಾಸ್ಟರ್’ ಪದದ ಒಳಗೆ ನಕ್ಷತ್ರ ಅಡಗಿದೆ. ಇಟಾಲಿಯನ್ ಮತ್ತು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಈ ಪದದ ‘ಆಸ್ಟರ್’ ಭಾಗ ನಕ್ಷತ್ರವೇ, ‘ಡಿಸ್’ ಎಂದರೆ ಕೆಟ್ಟದ್ದು. ನಾವು ‘ಗ್ರಹಚಾರ ಕೆಟ್ಟಿತು’ ಅನ್ನುವುದಕ್ಕೆ ತೀರ ಹತ್ತಿರ. ಈಗ ಜ್ಯೋತಿಷ್ಯದ ವಾಸನೆ ಪೂರ್ತಿ ಹೋಗಿದೆ. ಆದರೂ ‘ಡಿಸಾಸ್ಟ್ರಸ್’ ಹೆಚ್ಚು ಸಲೀಸಾಗಿ ಕೂರುವುದು ಮನುಷ್ಯರು ಕೈಹಾಕಿ ಕೆಡಿಸಿಕೊಂಡ ಕೆಲಸಗಳ ಮುಂದೆ: ಡಿಸಾಸ್ಟ್ರಸ್ ಡಿಸಿಷನ್, ಡಿಸಾಸ್ಟ್ರಸ್ ಪಾಲಿಸಿ, ಡಿಸಾಸ್ಟ್ರಸ್ ಮ್ಯಾರೇಜ್, ಡಿಸಾಸ್ಟ್ರಸ್ ಸ್ಟಾರ್ಟ್. ಪ್ರವಾಹ, ಬೆಂಕಿಗಳಿಗೂ ಬಳಸಬಹುದು, ತಪ್ಪಿಲ್ಲ.

ಇದು ಈ ಗುಂಪಿನಲ್ಲೇ ಅತಿ ಹೊಂದಿಕೊಳ್ಳುವ ಪದ. ಯುದ್ಧವೂ ಡಿಸಾಸ್ಟ್ರಸ್, ಸೀದುಹೋದ ಅಡುಗೆಯೂ ಡಿಸಾಸ್ಟ್ರಸ್. ಆ ಸಡಿಲತನವೇ ಅಪಾಯ. ಜನ ಸತ್ತ ಘಟನೆಗೆ ಬಳಸಿದ ಪದವನ್ನೇ ಅದೇ ಬರಹದ ಮುಂದಿನ ಪ್ಯಾರಾದಲ್ಲಿ ಕೆಟ್ಟ ಸಿನಿಮಾಕ್ಕೆ ಬಳಸಿದರೆ ಮೊದಲನೆಯದರ ತೂಕ ಕಳಚಿಬೀಳುತ್ತದೆ.

ಯಾರಿಗೆ ಹಾನಿ ಎನ್ನುವುದನ್ನು ಸೇರಿಸಲು ‘ಫಾರ್’ ಬೇಕು: ‘ದಿ ಡಿಲೇ ವಾಸ್ ಡಿಸಾಸ್ಟ್ರಸ್ ಫಾರ್ ದಿ ಕ್ರಾಪ್’. ಕ್ರಿಯಾಪದಗಳಲ್ಲಿ ಇದಕ್ಕೆ ಒಳ್ಳೆಯ ಜೊತೆ ‘ಪ್ರೂವ್’. ನಾವು ‘ಮಾರಕವಾಗಿ ಪರಿಣಮಿಸಿತು’ ಎನ್ನುವಲ್ಲಿ ‘ರಿಸಲ್ಟೆಡ್ ಆ್ಯಸ್ ಡಿಸಾಸ್ಟ್ರಸ್’ ಎಂದು ಬರೆಯುವವರಿದ್ದಾರೆ, ಅದು ಇಂಗ್ಲಿಷಲ್ಲ. ‘ಪ್ರೂವ್ಡ್ ಡಿಸಾಸ್ಟ್ರಸ್’, ‘ಪ್ರೂವ್ಡ್ ಫೇಟಲ್’, ‘ಪ್ರೂವ್ಡ್ ರೂಯಿನಸ್’ ಎಂದರೆ ಮುಗಿಯಿತು.

ಕಾಗುಣಿತದಲ್ಲಿ ಎಡವುವುದೂ ಹೆಚ್ಚಾಗಿ ಇಲ್ಲೇ. ‘ಡಿಸಾಸ್ಟರ್’ನ ಕೊನೆಯ ‘ಇ’ ಅಕ್ಷರ ವಿಶೇಷಣದಲ್ಲಿ ಬಿದ್ದುಹೋಗುತ್ತದೆ. ‘ಟಿ’ ಆದ ಕೂಡಲೇ ‘ಆರ್’ ಬರಬೇಕು. ಮಾನ್‌ಸ್ಟರ್ ಹೋಗಿ ಮಾನ್‌ಸ್ಟ್ರಸ್, ವಂಡರ್ ಹೋಗಿ ವಂಡ್ರಸ್ ಆದಂತೆಯೇ ಇದೂ. ಹಾಗಂತ ಇದನ್ನೇ ನಿಯಮ ಮಾಡಿಕೊಳ್ಳಬೇಡಿ. ಡೇಂಜರಸ್, ಮರ್ಡರಸ್, ಥಂಡರಸ್ ಪದಗಳಲ್ಲಿ ‘ಇ’ ಗಟ್ಟಿಯಾಗಿ ಕೂತಿದೆ. ಉಚ್ಚಾರವೇ ಇಲ್ಲಿ ದಾರಿ ತೋರಿಸುತ್ತದೆ: ‘ಡಿಸಾಸ್ಟರಸ್’ ಎಂದು ನಾಲ್ಕು ಉಸಿರಿನಲ್ಲಿ ಹೇಳುವವರ ಕೈಯಲ್ಲೇ ತಪ್ಪು ಕಾಗುಣಿತ ಬರುವುದು. ಸರಿಯಾದ ಪದಕ್ಕೆ ಮೂರೇ ಉಸಿರು, ಒತ್ತು ನಡುವಿನದರ ಮೇಲೆ.

ಕ್ಯಾಟಸ್ಟ್ರಾಫಿಕ್: ತಲೆಕೆಳಗಾದದ್ದು, ಅದೂ ಒಮ್ಮೆಲೇ

ಗ್ರೀಕಿನಲ್ಲಿ ‘ಕಟಾ’ ಎಂದರೆ ಕೆಳಕ್ಕೆ, ‘ಸ್ಟ್ರೆಫೈನ್’ ಎಂದರೆ ತಿರುಗಿಸು. ಎರಡೂ ಸೇರಿ ಬುಡಮೇಲು. ನಾಟಕದ ಕೊನೆಗೆ ಕಥೆ ಮಗುಚಿಕೊಳ್ಳುವ ಘಟ್ಟಕ್ಕೂ ಈ ಹೆಸರಿತ್ತು. ಈ ಪದದಲ್ಲಿ ಎರಡು ಅಂಶ ಇಂದಿಗೂ ಉಳಿದಿವೆ: ಹಠಾತ್ತಾಗಿ ಆಗುವುದು, ಮತ್ತೆ ಹಿಂದಕ್ಕೆ ತರಲು ಬಾರದಿರುವುದು.

ಎಂಜಿನಿಯರುಗಳು ‘ಕ್ಯಾಟಸ್ಟ್ರಾಫಿಕ್ ಫೇಲ್ಯೂರ್’ ಎಂದರೆ ಅದು ಉದ್ಗಾರವಲ್ಲ, ಪರಿಭಾಷೆ. ಒಂದು ಭಾಗ ಇದ್ದಕ್ಕಿದ್ದಂತೆ, ಪೂರ್ತಿಯಾಗಿ, ಸುಧಾರಿಸಿಕೊಳ್ಳಲು ಅವಕಾಶವಿಲ್ಲದಂತೆ ಕೈಕೊಡುವುದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮ ನ್ಯಾರೋಸ್ ತೂಗುಸೇತುವೆ 1940ರ ಜುಲೈ 1ರಂದು ಸಂಚಾರಕ್ಕೆ ತೆರೆದು, ಅದೇ ವರ್ಷ ನವೆಂಬರ್ 7ರಂದು ಗಾಳಿಗೆ ಹೊಯ್ದಾಡಿ ನೀರಿಗೆ ಬಿತ್ತು. ಆ ಕುಸಿತಕ್ಕೆ ಈ ಪದ ಅಳತೆ ತೆಗೆದು ಹೊಲಿದಂತಿದೆ. ಇಪ್ಪತ್ತು ವರ್ಷ ತುಕ್ಕು ತಿಂದು ಸವೆದ ಕಂಬಕ್ಕೆ ಸಲ್ಲುವುದಿಲ್ಲ. ಸವೆತವೇ ‘ಡಿಟೀರಿಯೊರೇಷನ್’. ಸವೆದ ಕಂಬ ಒಂದು ದಿನ ಫಟ್ಟನೆ ಮುರಿದರೆ ಆ ಕ್ಷಣಕ್ಕೆ ಮಾತ್ರ ‘ಕ್ಯಾಟಸ್ಟ್ರಾಫಿಕ್’ ಸೇರುತ್ತದೆ.

ವಿಮಾನಗಳ ವಿನ್ಯಾಸದಲ್ಲಿ ಇನ್ನೂ ಬಿಗಿ. ಅಮೆರಿಕ ಮತ್ತು ಯುರೋಪಿನ ನಿಯಂತ್ರಕರು ದೋಷಗಳನ್ನು ಮೈನರ್, ಮೇಜರ್, ಹೆಜರ್ಡಸ್, ಕ್ಯಾಟಸ್ಟ್ರಾಫಿಕ್ ಎಂದು ಮೇಲೇರುವ ಕ್ರಮದಲ್ಲಿ ವಿಂಗಡಿಸುತ್ತಾರೆ. ಕೊನೆಯದರ ಅರ್ಥ, ಹಲವರ ಸಾವು, ಸಾಮಾನ್ಯವಾಗಿ ವಿಮಾನವೂ ನಾಶ. ಅಂಥ ದೋಷದ ಸಂಭವ 100 ಕೋಟಿ ಹಾರಾಟದ ಗಂಟೆಗಳಿಗೆ ಒಂದಕ್ಕಿಂತ ಕಡಿಮೆ ಇರಬೇಕು ಎನ್ನುವುದು ಅಳತೆಗೋಲು. ಹೆಜರ್ಡಸ್ ದೋಷಕ್ಕೆ ಆ ಮಿತಿ 1 ಕೋಟಿ ಗಂಟೆ. ಒಂದು ವಿಶೇಷಣ ಬದಲಾದರೆ ವಿನ್ಯಾಸ ನೂರು ಪಟ್ಟು ಬಿಗಿಯಾಗಬೇಕು. ಇಂಥ ದಾಖಲೆಯನ್ನು ಅನುವಾದಿಸುವಾಗ ಪುನರುಕ್ತಿ ತಪ್ಪಿಸಲೆಂದು ಒಂದು ಕಡೆ ‘ಕ್ಯಾಟಸ್ಟ್ರಾಫಿಕ್’, ಇನ್ನೊಂದು ಕಡೆ ‘ಡಿಸಾಸ್ಟ್ರಸ್’ ಎಂದು ಅಲಂಕಾರ ಮಾಡಿದರೆ ಅರ್ಥವೇ ಕೆಡುತ್ತದೆ.

ಮೇಲೆ ‘ಜೋರು ಯಾವುದು’ ಎಂದು ಕೇಳಬೇಡಿ ಎಂದದ್ದಕ್ಕೆ ಇಂಥ ಅಧಿಕೃತ ಪಟ್ಟಿಗಳೇ ಅಪವಾದ. ಅಟ್ಲಾಂಟಿಕ್ ಚಂಡಮಾರುತಗಳಿಗೆ ಬಳಸುವ ಸಫೀರ್–ಸಿಂಪ್ಸನ್ ಮಾಪಕದಲ್ಲಿ ಗಾಳಿಯ ವೇಗ ಗಂಟೆಗೆ 178ರಿಂದ 208 ಕಿಲೋಮೀಟರ್ ಇರುವ ಮೂರನೆಯ ದರ್ಜೆಯ ಹಾನಿಗೆ ‘ಡೆವಸ್ಟೇಟಿಂಗ್’ ಎಂದು ಹೆಸರು. 209 ದಾಟಿದ ನಾಲ್ಕು ಮತ್ತು ಐದನೆಯ ದರ್ಜೆಗಳಿಗೆ ‘ಕ್ಯಾಟಸ್ಟ್ರಾಫಿಕ್’. ಅಂದರೆ ಅಲ್ಲಿ ಎರಡನೆಯ ಪದ ಮೇಲಿನದು. ಭೂಕಂಪದ ಹಾನಿ ಅಳೆಯುವ 1998ರ ಯುರೋಪಿಯನ್ ಮಾಪಕದಲ್ಲಿ ‘ಕ್ಯಾಟಸ್ಟ್ರಾಫಿಕ್’ ಪದವೇ ಇಲ್ಲ. ಒಂಬತ್ತನೆಯ ಮಟ್ಟ ‘ಡಿಸ್ಟ್ರಕ್ಟಿವ್’, ಹತ್ತು ‘ವೆರಿ ಡಿಸ್ಟ್ರಕ್ಟಿವ್’, ಹನ್ನೊಂದು ‘ಡೆವಸ್ಟೇಟಿಂಗ್’, ಹನ್ನೆರಡು ‘ಕಂಪ್ಲೀಟ್ಲಿ ಡೆವಸ್ಟೇಟಿಂಗ್’. ಆಸ್ಟ್ರೇಲಿಯಾದಲ್ಲಿ 2022ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಕಾಡ್ಗಿಚ್ಚಿನ ಅಪಾಯದ ನಾಲ್ಕು ಮಟ್ಟಗಳು ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕ್ಯಾಟಸ್ಟ್ರಾಫಿಕ್. ಈ ಕೊನೆಯದನ್ನು ಓದುವಾಗ ಎಚ್ಚರ ಬೇಕು. ಆ ದಿನ ಎಲ್ಲೂ ಬೆಂಕಿ ಬಿದ್ದಿರಬೇಕಾಗಿಲ್ಲ. ಬಿದ್ದರೆ ಜೀವ ಉಳಿಯುವುದು ಕಷ್ಟ, ಈಗಲೇ ಜಾಗ ಬಿಡಿ ಎನ್ನುವ ಮುನ್ನೆಚ್ಚರಿಕೆ ಅದು. ‘ಭೀಕರ ಕಾಡ್ಗಿಚ್ಚು’ ಎಂದು ಅನುವಾದಿಸಿದರೆ ಆಗದ ಘಟನೆಯನ್ನು ಆಗಿಸಿಬಿಟ್ಟಂತಾಗುತ್ತದೆ.

ನಾಮಪದ ‘ಕ್ಯಾಟಸ್ಟ್ರಫಿ’ಯ ಕೊನೆಯ ‘ಇ’ ಮೌನವಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ‘ಕ್ಯಾಟಸ್ಟ್ರೋಫ್’ ಎಂದು ಓದುವವರು ಬಹಳ. ನಾಮಪದದಲ್ಲಿ ಒತ್ತು ‘ಟಾ’ ಮೇಲೆ, ವಿಶೇಷಣದಲ್ಲಿ ಅದು ‘ಸ್ಟ್ರಾ’ಗೆ ಜಾರುತ್ತದೆ.

ಪ್ರಳಯ, ಗ್ರಂಥಸ್ಥ ವಿಪತ್ತು, ಲೋಕಾಂತ್ಯ

‘ಕ್ಯಾಟಕ್ಲಿಸ್ಮಿಕ್’ ಪದಕ್ಕೆ ಕನ್ನಡದಲ್ಲಿ ಸಿದ್ಧ ಜೋಡಿ ಇದೆ: ಪ್ರಳಯ. ಗ್ರೀಕ್ ಮೂಲದ ಅರ್ಥವೂ ಎಲ್ಲವನ್ನೂ ತೊಳೆದುಕೊಂಡು ಹೋಗುವ ನೀರು. ಭೂಮಿಯ ಮುಖಚಹರೆಯನ್ನೇ ಬದಲಿಸುವ ಘಟನೆಗಳಿಗೆ ಇದನ್ನು ಮೀಸಲಿಟ್ಟರೆ ಒಳ್ಳೆಯದು. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದದ್ದು ಕ್ಯಾಟಕ್ಲಿಸ್ಮಿಕ್. ಅದರ ಪರಿಣಾಮವಾಗಿ ಮರುವರ್ಷ ಯುರೋಪ್, ಉತ್ತರ ಅಮೆರಿಕಗಳಲ್ಲಿ ಬೇಸಿಗೆಯೇ ಸರಿಯಾಗಿ ಬರಲಿಲ್ಲ. ಖಗೋಳದಲ್ಲೂ ಈ ಪದ ಇದೆ. ಪಕ್ಕದ ನಕ್ಷತ್ರದ ದ್ರವ್ಯವನ್ನು ಶ್ವೇತಕುಬ್ಜವೊಂದು (ಇಂಧನ ಮುಗಿದು ಕುಗ್ಗಿದ ನಕ್ಷತ್ರ) ಸೆಳೆದುಕೊಳ್ಳುತ್ತ ಆಗಾಗ ಥಟ್ಟನೆ ಬೆಳಗುವ ಜೋಡಿಗಳನ್ನು ‘ಕ್ಯಾಟಕ್ಲಿಸ್ಮಿಕ್ ವೇರಿಯಬಲ್’ ಅನ್ನುತ್ತಾರೆ. ಮಾರುಕಟ್ಟೆ ಎರಡು ಶೇಕಡಾ ಬಿದ್ದದ್ದಕ್ಕೆ ಇಷ್ಟು ದೊಡ್ಡ ಪದ ಬೇಡ.

‘ಕಲ್ಯಾಮಿಟಸ್’ ಬರವಣಿಗೆಯ ಪದ. ಮಾತಿನಲ್ಲಿ ಯಾರೂ ಹೇಳುವುದಿಲ್ಲ. ಒಬ್ಬ ರಾಜನ ಆಳ್ವಿಕೆ, ಒಂದು ದಂಡಯಾತ್ರೆ, ಒಂದು ಶತಮಾನದ ಬಗ್ಗೆ ಇತಿಹಾಸಕಾರರು ಬಳಸುತ್ತಾರೆ. ‘ಇಟಿ’ಯಲ್ಲಿ ಮುಗಿಯುವ ನಾಮಪದ ‘ಇಟಸ್’ ಆಗುವುದು ಇದರ ಕಾಗುಣಿತದ ಗುಟ್ಟು, ಫೆಲಿಸಿಟಿ ಹೋಗಿ ಫೆಲಿಸಿಟಸ್ ಆದಂತೆ.

‘ಅಪಾಕಲಿಪ್ಟಿಕ್’ ಮೂಲದಲ್ಲಿ ನಾಶದ ಪದವೇ ಅಲ್ಲ. ಗ್ರೀಕಿನಲ್ಲಿ ತೆರೆ ಸರಿಸಿ ತೋರಿಸುವುದು ಎಂದರ್ಥ. ಕ್ರೈಸ್ತ ಧರ್ಮಗ್ರಂಥದ ಕೊನೆಯ ಭಾಗದಲ್ಲಿ ತೆರೆ ಸರಿದಾಗ ಕಂಡದ್ದು ಲೋಕಾಂತ್ಯವಾದ್ದರಿಂದ ಪದಕ್ಕೂ ಆ ಬಣ್ಣ ಹತ್ತಿತು. ಕಣ್ಣಿಗೆ ಕಾಣುವ ದೃಶ್ಯಕ್ಕೆ, ಮುನ್ನೋಟಕ್ಕೆ, ಎಚ್ಚರಿಕೆಗೆ ಇದು ಸರಿ. ಹೊಗೆಗೆ ಕೆಂಪಾದ ಆಕಾಶ ಅಪಾಕಲಿಪ್ಟಿಕ್ ಆದೀತು, ಆದರೆ ಲೆಕ್ಕದ ಪುಸ್ತಕದ ನಷ್ಟ ಆಗದು.

ಡೆವಸ್ಟೇಟಿಂಗ್, ಡೆವಸ್ಟೇಟೆಡ್: ಒಂದು ಪ್ರತ್ಯಯ ತಪ್ಪಿದರೆ

ಲ್ಯಾಟಿನ್ನಿನ ‘ವಾಸ್ಟುಸ್’ ಎಂದರೆ ಬರಿದು, ಬಯಲು. ಇಂಗ್ಲಿಷಿನ ‘ವಾಸ್ಟ್’ ಕೂಡ ಅದರದೇ ಸಂತಾನ. ಬಟಾಬಯಲು ಮಾಡುವಂಥದ್ದು ಡೆವಸ್ಟೇಟಿಂಗ್. ಹೀಗಾಗಿ ಇದು ಮೊದಲು ಜಾಗಗಳಿಗೆ ಸೇರಿದ ಪದ: ನಗರ, ಹೊಲ, ಕರಾವಳಿ. ಆಮೇಲೆ ಒಳಗಿನ ಬಯಲಿಗೂ ಹಬ್ಬಿತು. ಮನಸ್ಸು ಬರಿದಾಗುವಂಥ ಸುದ್ದಿ ‘ಡೆವಸ್ಟೇಟಿಂಗ್ ನ್ಯೂಸ್’.

ಪೆಟ್ಟು ಕೊಡುವುದು ಡೆವಸ್ಟೇಟಿಂಗ್, ಪೆಟ್ಟು ತಿಂದದ್ದು ಡೆವಸ್ಟೇಟೆಡ್. ‘ಐ ಆ್ಯಮ್ ಡೆವಸ್ಟೇಟಿಂಗ್’ ಎಂದು ದುಃಖ ತೋಡಿಕೊಂಡರೆ ಕೇಳುವವರಿಗೆ ‘ನನ್ನ ಚೆಲುವಿಗೆ ಊರೇ ಬಿದ್ದುಹೋಗುತ್ತದೆ’ ಎಂದ ಹಾಗೆ ಕೇಳೀತು. ತಮಾಷೆಯಲ್ಲ, ಆ ಪದಕ್ಕೆ ಆ ಅರ್ಥವೂ ಇದೆ. ಸೌಂದರ್ಯ, ಚುರುಕು ಮಾತು, ಚರ್ಚೆಯಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವ ಉತ್ತರಗಳಿಗೆ ‘ಡೆವಸ್ಟೇಟಿಂಗ್’ ಹೊಗಳಿಕೆಯಾಗಿ ಬರುತ್ತದೆ. ನಾವೂ ‘ಸಾಯಿಸಿಬಿಟ್ಟ’ ಎಂದು ಮೆಚ್ಚುವುದುಂಟಲ್ಲ, ಆ ಧಾಟಿ. ಯಾವ ಅರ್ಥ ಎನ್ನುವುದನ್ನು ಪಕ್ಕದ ನಾಮಪದವೇ ತೀರ್ಮಾನಿಸುತ್ತದೆ, ಆದ್ದರಿಂದ ನಾಮಪದ ಬಿಟ್ಟು ಒಂಟಿಯಾಗಿ ಬರೆಯದಿರುವುದು ಕ್ಷೇಮ.

ಸಂಬಂಧಸೂಚಕಗಳು: ಯಾವುದರಿಂದ ಎನ್ನಲು ‘ಡೆವಸ್ಟೇಟೆಡ್ ಬೈ’. ಯಾರಿಗೆ, ಯಾವುದಕ್ಕೆ ಎನ್ನಲು ‘ಡೆವಸ್ಟೇಟಿಂಗ್ ಫಾರ್’ ಅಥವಾ ‘ಟು’.

‘ಹ್ಯಾರೋಯಿಂಗ್’ ಇದರ ನೆರೆಯ ಪದ. ಬೇಸಾಯ ಬಲ್ಲವರಿಗೆ ಇದು ಥಟ್ಟನೆ ಹೊಳೆಯುತ್ತದೆ. ‘ಹ್ಯಾರೋ’ ಎಂದರೆ ಉತ್ತ ಹೊಲದ ಹೆಂಟೆ ಒಡೆಯಲು ಎಳೆಯುವ ಹಲ್ಲುಗಳಿರುವ ಸಾಧನ. ಆ ಹಲ್ಲುಗಳು ಎದೆಯ ಮೇಲೆ ಹಾಯ್ದಂತೆ ಮಾಡುವ ಅನುಭವ ಅಥವಾ ವೃತ್ತಾಂತ ಹ್ಯಾರೋಯಿಂಗ್. ಬದುಕುಳಿದವರ ಹೇಳಿಕೆ, ಅವರು ದಾಟಿಬಂದ ದಾರಿ, ಇಂಥವುಗಳಿಗೆ ಮಾತ್ರ ಸಲ್ಲುತ್ತದೆ. ಪ್ರವಾಹ ಹ್ಯಾರೋಯಿಂಗ್ ಅಲ್ಲ. ಪ್ರವಾಹದಲ್ಲಿ ಮರ ಹಿಡಿದು ಕಳೆದ ರಾತ್ರಿ ಹ್ಯಾರೋಯಿಂಗ್.

ರೂಯಿನಸ್: ಮನೆಹಾಳು ಬಡ್ಡಿ

‘ಅದೊಂದು ಮನೆಹಾಳು ಕೆಲಸ’ ಎನ್ನುವ ನಮ್ಮ ಬೈಗುಳ ಇಂಗ್ಲಿಷಿಗೆ ಹೋಗಬೇಕಾದರೆ ‘ರೂಯಿನಸ್’ ಬೇಕು. ಮೂಲದ ಲ್ಯಾಟಿನ್ ಕ್ರಿಯಾಪದಕ್ಕೆ ‘ಕುಸಿದು ಬೀಳು’ ಎಂದರ್ಥ. ಇವತ್ತಿನ ಬಳಕೆಯಲ್ಲಿ ಇದು ಹೆಚ್ಚಾಗಿ ದುಡ್ಡಿನ ಪದ: ರೂಯಿನಸ್ ಇಂಟರೆಸ್ಟ್ ರೇಟ್, ರೂಯಿನಸ್ ಕಾಸ್ಟ್, ರೂಯಿನಸ್ ಲಿಟಿಗೇಷನ್. ಬೊಕ್ಕಸ ಬರಿದು ಮಾಡಿದ ಯುದ್ಧವೂ ರೂಯಿನಸ್. ‘ರೂಯಿನಸ್ಲಿ ಎಕ್ಸ್‌ಪೆನ್ಸಿವ್’ ಎಂದರೆ ಕೊಂಡವನು ಮುಳುಗಿಹೋಗುವಷ್ಟು ದುಬಾರಿ.

ಇಲ್ಲಿ ಆಗುವ ತಪ್ಪು, ಹಾಳಾದ ಮನೆಯನ್ನೇ ‘ರೂಯಿನಸ್ ಹೌಸ್’ ಎನ್ನುವುದು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಈ ಪ್ರಯೋಗ ಇದೆ, ಇಂದು ಅದು ಹಳತಾಗಿ ಕೇಳುತ್ತದೆ. ಹಾಳು ಮಾಡುವುದು ರೂಯಿನಸ್, ಹಾಳಾದದ್ದು ರೂಯಿನ್ಡ್. ಕಟ್ಟಡಗಳಿಗಂತೂ ಇನ್ನೂ ಕರಾರುವಾಕ್ಕಾದ ಪದಗಳಿವೆ, ಅವಕ್ಕೆ ಕನ್ನಡದ ಜೋಡಿಗಳೂ ಸಲೀಸಾಗಿ ಸಿಗುತ್ತವೆ. ರಿಪೇರಿ ಕಾಣದೆ ಶಿಥಿಲವಾದ ಮನೆ ‘ಡಿಲ್ಯಾಪಿಡೇಟೆಡ್’. ಪದದ ಹೊಟ್ಟೆಯಲ್ಲಿ ಲ್ಯಾಟಿನ್ನಿನ ಕಲ್ಲು ಇದೆ, ಮೊದಲಕ್ಷರಗಳು ‘ಡಿ’ ಮತ್ತು ‘ಐ’; ‘ಡಿ’ ಮತ್ತು ‘ಇ’ ಅಲ್ಲ. ಶಿಥಿಲವಾದರೂ ಅದರಲ್ಲಿ ಜನ ವಾಸವಿರಬಹುದು. ಯಾರೂ ದಿಕ್ಕಿಲ್ಲದೆ ಪಾಳುಬಿದ್ದದ್ದು ‘ಡೆರೆಲಿಕ್ಟ್’. ಅದು ಗಟ್ಟಿಮುಟ್ಟಾಗಿಯೇ ಇದ್ದೀತು, ಒಡೆಯರು ಕೈಬಿಟ್ಟಿರುತ್ತಾರೆ. ಹಾಳು ಸುರಿಯುವ ಜಾಗ ‘ಡೆಸಲೇಟ್’. ಅಲ್ಲಿ ಕಟ್ಟಡವೇ ಬೇಕಿಲ್ಲ, ಮನುಷ್ಯರ ಸುಳಿವಿಲ್ಲದ ಭಣಭಣ ಸಾಕು. ನೆಲಸಮವಾದದ್ದು ‘ಫ್ಲ್ಯಾಟನ್ಡ್’. ಬೆಂಕಿಗೆ ಒಳಗೆಲ್ಲ ಸುಟ್ಟು ಗೋಡೆ ಮಾತ್ರ ನಿಂತದ್ದು ‘ಗಟ್ಟೆಡ್’. ಈ ಕೊನೆಯದನ್ನು ಮೀನಿನ ಕರುಳು ತೆಗೆಯುವ ಕ್ರಿಯೆಯಿಂದ ತಂದಿದ್ದಾರೆ, ಹಾಗಾಗಿ ಬೆಂಕಿಯಲ್ಲಿ ಪೂರ್ತಿ ಉರಿದು ಬಿದ್ದ ಗುಡಿಸಲಿಗೆ ‘ಗಟ್ಟೆಡ್’ ಹೊಂದುವುದಿಲ್ಲ. ಅದರಲ್ಲಿ ಖಾಲಿಯಾಗಲು ಚಿಪ್ಪೇ ಉಳಿದಿಲ್ಲ.

ಗೆದ್ದೂ ಹಾಳಾಗುವುದಕ್ಕೊಂದು ವಿಶೇಷಣವಿದೆ. ಎಪಿರಸ್‌ನ ರಾಜ ಪಿರ‍್ರಸ್ ಕ್ರಿಸ್ತಪೂರ್ವ 279ರಲ್ಲಿ ಆಸ್ಕುಲಮ್ ಬಳಿ ರೋಮನ್ನರನ್ನು ಗೆದ್ದ, ಆದರೆ ಆ ಗೆಲುವಿಗೆ ತನ್ನ ಸೈನ್ಯದ ಸತ್ತ್ವವನ್ನೇ ತೆತ್ತ. ಅಂಥ ಗೆಲುವು ‘ಪಿರಿಕ್ ವಿಕ್ಟರಿ’. ಇದು ಗೆಲುವಿಗೆ ಮಾತ್ರ ಅಂಟುತ್ತದೆ, ಸೋಲಿಗೆ ಎಂದಿಗೂ ಇಲ್ಲ.

ಆಗುವ ಮುನ್ನ, ಆದ ಮೇಲೆ

ಕೆಲವು ಪದಗಳು ಕಾಲವನ್ನು ಹೊಟ್ಟೆಯಲ್ಲಿಟ್ಟುಕೊಂಡಿವೆ. ಅದನ್ನು ಗಮನಿಸದಿದ್ದರೆ ವಾಕ್ಯ ವ್ಯಾಕರಣದಲ್ಲಿ ಸರಿಯಿದ್ದೂ ಅರ್ಥದಲ್ಲಿ ಕುಂಟುತ್ತದೆ.

‘ಡೂಮ್ಡ್’ ಎನ್ನುವುದನ್ನು ಅನಾಹುತಕ್ಕೆ ಮುಂಚೆಯೂ ಹೇಳಬಹುದು: ಈ ಯೋಜನೆ ಮುಳುಗುವುದು ಖಚಿತ. ‘ಇಲ್-ಫೇಟೆಡ್’ ಹೇಳಬೇಕಾದರೆ ಮುಳುಗಿ ಆಗಿರಬೇಕು. ಅದು ಹಿಂತಿರುಗಿ ನೋಡುವವರ ಪದ. ನಾಳೆ ಹೊರಡುವ ಹಡಗನ್ನು ಇಲ್-ಫೇಟೆಡ್ ಎಂದರೆ ಬರೆದವರಿಗೆ ಭವಿಷ್ಯ ಗೊತ್ತಿದೆ ಎಂದಾಯಿತು.

‘ಫೇಟಲ್’ ಮತ್ತು ‘ಫೇಟ್‌ಫುಲ್’ ಒಂದೇ ಬೇರಿನವು, ದಾರಿ ಬೇರೆ. ಫೇಟಲ್ ಎಂದರೆ ಸಾವು ತಂದದ್ದು, ಅಥವಾ ಯೋಜನೆಯೊಂದನ್ನು ಕೊಂದ ತಪ್ಪು. ಫೇಟ್‌ಫುಲ್ ಎಂದರೆ ಮುಂದಿನದನ್ನೆಲ್ಲ ನಿರ್ಧರಿಸಿದ ದಿನ, ಭೇಟಿ ಅಥವಾ ತೀರ್ಮಾನ. ಅದರಲ್ಲಿ ಸಾವು ಇರಲೇಬೇಕೆಂದಿಲ್ಲ. ‘ಫೇಟಲ್ ಆ್ಯಕ್ಸಿಡೆಂಟ್’ ಎಂದರೆ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ಗಾಯಗೊಂಡು ಆಸ್ಪತ್ರೆಯಲ್ಲಿರುವವರ ಸುದ್ದಿಗೆ ಇದನ್ನು ಹಾಕಿದರೆ ಅವರ ಮನೆಯವರ ಗತಿ ಯೋಚಿಸಿ. ‘ಡೆಡ್ಲಿ’, ‘ಲೀಥಲ್’ ಪದಗಳು ಕೊಲ್ಲುವ ಶಕ್ತಿಯನ್ನು ಹೇಳುತ್ತವೆ, ಕೊಂದದ್ದನ್ನಲ್ಲ: ‘ಲೀಥಲ್ ಡೋಸ್’ ಎನ್ನುವುದು ಇನ್ನೂ ಸೀಸೆಯಲ್ಲೇ ಇರಬಹುದು. ಆದರೆ ವರದಿಗಳಲ್ಲಿ ‘ಡೆಡ್ಲಿ ಫೈರ್’ ಎಂದಾಗ ಸಾವಾಗಿದೆ ಎಂದೇ ಓದಿಕೊಳ್ಳುತ್ತಾರೆ.

‘ಡಯರ್’ ಚಿಕ್ಕ ಪದ, ಬಹಳ ಕೆಲಸಕ್ಕೆ ಬರುವಂಥದ್ದು. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ಭಯ ಹುಟ್ಟಿಸುವ ಎಂದರ್ಥ. ಅದರ ಸಂಗಾತಿಗಳು ಬೆರಳೆಣಿಕೆಯಷ್ಟು: ಡಯರ್ ಕಾನ್ಸಿಕ್ವೆನ್ಸಸ್, ಡಯರ್ ವಾರ್ನಿಂಗ್, ಡಯರ್ ನೀಡ್, ಡಯರ್ ಸ್ಟ್ರೇಟ್ಸ್. ಕೊನೆಯದರಲ್ಲಿ ಬರುವುದು ‘ನೇರ’ ಎನ್ನುವ ಸ್ಟ್ರೇಟ್ ಅಲ್ಲ, ಜಲಸಂಧಿಯ ಸ್ಟ್ರೇಟ್. ಅದರ ಕಾಗುಣಿತದಲ್ಲಿ ‘ಜಿ’, ‘ಎಚ್’ ಇಲ್ಲ. ಇಕ್ಕಟ್ಟಿಗೆ ಸಿಕ್ಕಿಕೊಂಡದ್ದು ಎಂದು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ. ಕುಸಿತ ಇನ್ನೂ ಆಗದೆ ಅಂಚಿನಲ್ಲಿ ನಿಂತ ಸ್ಥಿತಿಗೆ ಇದಕ್ಕಿಂತ ಒಳ್ಳೆಯ ಪದವಿಲ್ಲ. ಬ್ರಿಟನ್ನಿನ ಮಾತಿನಲ್ಲಿ ಮಾತ್ರ ‘ದಿ ಫಿಲ್ಮ್ ವಾಸ್ ಡಯರ್’ ಎಂದರೆ ಸಿನಿಮಾ ಪರಮ ಕೆಟ್ಟದಾಗಿತ್ತು ಎಂದಷ್ಟೇ.

ಒಂದು ಪೀಡಿತಕ್ಕೆ ಆರು ಬಾಲ

ಬರಪೀಡಿತ, ನೆರೆಪೀಡಿತ, ಯುದ್ಧಪೀಡಿತ. ಕನ್ನಡ ಒಂದೇ ಬಾಲದಲ್ಲಿ ಎಲ್ಲವನ್ನೂ ಮುಗಿಸುತ್ತದೆ. ಇಂಗ್ಲಿಷ್ ಪೀಡೆಯ ಬಗೆ ನೋಡಿ ಬಾಲ ಬದಲಿಸುತ್ತದೆ, ಸುದ್ದಿ ಬರೆಯುವವರಿಗೆ ದಿನವೂ ಬೇಕಾಗುವುದು ಇದೇ.

‘ಹಿಟ್’ ಅಂದರೆ ಹೊಡೆತ ಬಿದ್ದಾಗಿದೆ: ಫ್ಲಡ್-ಹಿಟ್, ಕ್ವೇಕ್-ಹಿಟ್. ಇದು ಸಪಾಟಾದ ಪದ, ಭಾವನೆ ಕಡಿಮೆ. ‘ಸ್ಟ್ರಿಕನ್’ ಎನ್ನುವುದೂ ‘ಸ್ಟ್ರೈಕ್’ನ ಹಳೆಯ ರೂಪವೇ, ಆದರೆ ದೀರ್ಘ ನರಳಾಟದ ಛಾಯೆ ಇದೆ: ಡ್ರೌಟ್-ಸ್ಟ್ರಿಕನ್, ಫ್ಯಾಮಿನ್-ಸ್ಟ್ರಿಕನ್, ಪಾವರ್ಟಿ-ಸ್ಟ್ರಿಕನ್. ‘ಟೋರ್ನ್’ ಒಳಗಿನಿಂದ ಹರಿದುಹೋದದ್ದಕ್ಕೆ: ವಾರ್-ಟೋರ್ನ್, ಸ್ಟ್ರೈಫ್-ಟೋರ್ನ್. ಬರ ಯಾರನ್ನೂ ಎರಡಾಗಿ ಹರಿಯುವುದಿಲ್ಲವಾದ್ದರಿಂದ ‘ಡ್ರೌಟ್-ಟೋರ್ನ್’ ಇಲ್ಲ. ‘ರಿಡನ್’ ಮೈಮೇಲೆ ಏರಿ ಕೂತದ್ದಕ್ಕೆ, ಬಿಟ್ಟು ಹೋಗದ್ದಕ್ಕೆ: ಡೆಟ್-ರಿಡನ್, ಗಿಲ್ಟ್-ರಿಡನ್. ಸಾಲ ಹೆಗಲೇರಿತು ಎಂದು ನಾವೂ ಅನ್ನುತ್ತೇವೆ. ‘ರ್‍ಯಾವೇಜ್ಡ್’ ಕೊಳ್ಳೆ ಹೊಡೆದಂತೆ ನಾಶವಾದದ್ದಕ್ಕೆ: ವಾರ್-ರ್‍ಯಾವೇಜ್ಡ್, ಫೈರ್-ರ್‍ಯಾವೇಜ್ಡ್.

ಉಳಿದದ್ದು ‘ಪ್ರೋನ್’. ಹೆಚ್ಚು ಗೊಂದಲ ಇದರಲ್ಲೇ. ಫ್ಲಡ್-ಪ್ರೋನ್ ಎಂದರೆ ನೆರೆ ಬರುವ ಸಾಧ್ಯತೆ ಇರುವ ಪ್ರದೇಶ. ಇವತ್ತು ಅಲ್ಲಿ ಒಂದು ಹನಿ ನೀರಿಲ್ಲದೆ ಇರಬಹುದು. ಈಗ ನೀರಿನಲ್ಲಿ ಮುಳುಗಿರುವ ಊರನ್ನು ಫ್ಲಡ್-ಪ್ರೋನ್ ಎಂದು ಬರೆದರೆ ಪರಿಹಾರ ಕಳಿಸುವವರು ಅದನ್ನು ಮುಂಜಾಗ್ರತೆಯ ಪಟ್ಟಿಗೆ ಸೇರಿಸಿಯಾರು. ನಾಮಪದಕ್ಕೆ ಮುಂಚೆ ಬಂದಾಗ ಈ ಎಲ್ಲ ಜೋಡುಪದಗಳಿಗೂ ನಡುವೆ ಅಡ್ಡಗೀಟು ಹಾಕುವುದು ರೂಢಿ.

‘ವೆರಿ’ ಎಲ್ಲಿ ಬೇಡ

ಮೇಲಿನ ಭೂಕಂಪದ ಮಾಪಕವನ್ನು ಇನ್ನೊಮ್ಮೆ ನೋಡಿ. ಅದನ್ನು ರೂಪಿಸಿದವರು ಹತ್ತನೆಯ ಮಟ್ಟಕ್ಕೆ ‘ವೆರಿ ಡಿಸ್ಟ್ರಕ್ಟಿವ್’ ಎಂದರು, ಹನ್ನೆರಡಕ್ಕೆ ‘ವೆರಿ ಡೆವಸ್ಟೇಟಿಂಗ್’ ಎನ್ನದೆ ‘ಕಂಪ್ಲೀಟ್ಲಿ ಡೆವಸ್ಟೇಟಿಂಗ್’ ಎಂದರು. ಪೂರ್ತಿ ವ್ಯಾಕರಣ ಆ ಎರಡು ಸಾಲುಗಳಲ್ಲೇ ಇದೆ. ಡಿಸ್ಟ್ರಕ್ಟಿವ್ ಎನ್ನುವುದು ಕೊಂಚ, ಸಾಕಷ್ಟು, ಬಹಳ ಎಂದು ಅಳೆಯಬಹುದಾದ ಗುಣ. ಡೆವಸ್ಟೇಟಿಂಗ್, ಕ್ಯಾಟಸ್ಟ್ರಾಫಿಕ್, ಡಿಸಾಸ್ಟ್ರಸ್ ಆಗಲೇ ತುದಿಯಲ್ಲಿ ನಿಂತಿವೆ. ‘ಬಹಳ ಸರ್ವನಾಶ’ ಎಂದು ನಾವು ಹೇಳುವುದಿಲ್ಲ, ‘ಸಂಪೂರ್ಣ ಸರ್ವನಾಶ’ ಎಂದು ಒತ್ತಿ ಹೇಳುತ್ತೇವೆ. ಹಾಗೆಯೇ ಇವಕ್ಕೆ ‘ಅಬ್ಸಲ್ಯೂಟ್ಲಿ’, ‘ಅಟರ್ಲಿ’, ‘ಟ್ರೂಲಿ’. ಹೋಲಿಕೆಗೆ ಮಾತ್ರ ‘ಮೋರ್ ಡಿಸಾಸ್ಟ್ರಸ್ ದ್ಯಾನ್’ ನಡೆಯುತ್ತದೆ.

ಒತ್ತು ಕೊಡುವ ಪದಕ್ಕಿಂತ ಕ್ಷೇತ್ರ ಹೇಳುವ ಪದ ಹೆಚ್ಚು ಉಪಯೋಗಿ: ‘ಫೈನಾನ್ಶಿಯಲಿ ರೂಯಿನಸ್’, ‘ಇಕಲಾಜಿಕಲಿ ಡಿಸಾಸ್ಟ್ರಸ್’. ಆಗದ್ದಕ್ಕೆ ‘ಪೊಟೆನ್ಶಿಯಲಿ ಕ್ಯಾಟಸ್ಟ್ರಾಫಿಕ್’. ಈ ಒಂದು ಪದ ಮುನ್ನೆಚ್ಚರಿಕೆಯನ್ನು ಸುದ್ದಿಯಿಂದ ಬೇರ್ಪಡಿಸುತ್ತದೆ. ವಿಶೇಷಣವನ್ನೇ ಕ್ರಿಯಾವಿಶೇಷಣ ಮಾಡಿದರೆ ‘ಡಿಸಾಸ್ಟ್ರಸ್ಲಿ’, ‘ಕ್ಯಾಟಸ್ಟ್ರಾಫಿಕಲಿ’. ಎರಡನೆಯದನ್ನು ಬರೆಯುವಾಗ ‘ಐಸಿ’ ಆದ ಮೇಲೆ ‘ಎ’ ಮತ್ತು ಎರಡು ‘ಎಲ್’ ಬರುತ್ತವೆ, ಉಚ್ಚಾರದಲ್ಲಿ ಆ ‘ಎ’ ಕೇಳಿಸುವುದೇ ಇಲ್ಲ.

‘ಕ್ಯಾಟಸ್ಟ್ರಾಫಿಕ್ ಡಿಸಾಸ್ಟರ್’, ‘ಡಿಸಾಸ್ಟ್ರಸ್ ಟ್ರ್ಯಾಜಿಡಿ’ಗಳಲ್ಲಿ ವಿಶೇಷಣ ನಾಮಪದದ ಮಾತನ್ನೇ ಮತ್ತೆ ಹೇಳುತ್ತಿದೆ. ಒಂದನ್ನು ತೆಗೆದರೆ ಮತ್ತೊಂದಕ್ಕೆ ಬಲ ಬರುತ್ತದೆ.

ಮರ್ಯಾದೆ ಕೆಡಿಸುವ ಎರಡು ಪದಗಳು

‘ಸಂತ್ರಸ್ತರ ಸ್ಥಿತಿ ಶೋಚನೀಯ’ ಎನ್ನುವುದನ್ನು ‘ದಿ ಕಂಡಿಶನ್ ಆಫ್ ದಿ ವಿಕ್ಟಿಮ್ಸ್ ಈಸ್ ಪಥೆಟಿಕ್’ ಎಂದು ಬರೆಯುವುದು ನಮ್ಮಲ್ಲಿ ಮಾಮೂಲು. ಗ್ರೀಕ್ ಮೂಲದಲ್ಲಿ ನೋವು, ಭಾವನೆಗಳ ಅರ್ಥವಿದ್ದರೂ ಇಂದಿನ ಇಂಗ್ಲಿಷಿನಲ್ಲಿ ‘ಪಥೆಟಿಕ್’ಗೆ ತಿರಸ್ಕಾರ ಹತ್ತಿಕೊಂಡಿದೆ. ‘ಛೀ, ಇಷ್ಟೇನಾ’ ಎನ್ನುವ ದನಿ. ಕೆಟ್ಟ ಸೇವೆಗೆ ಬೈಯಲು ಸರಿ, ನೊಂದವರಿಗೆ ಅವಮಾನ. ಅಲ್ಲಿ ‘ಡೆಸ್ಪರೇಟ್’, ‘ಡಯರ್’ ಅಥವಾ ‘ಹಾರ್ಟ್‌ಬ್ರೇಕಿಂಗ್’ ಬಳಸಬೇಕು.

ಇನ್ನೊಂದು ‘ಟೆರಿಫಿಕ್’. ಒಂದು ಕಾಲಕ್ಕೆ ಇದು ‘ಟೆರಿಬಲ್’ನ ಜೊತೆಗಾರ, ಭಯಹುಟ್ಟಿಸುವ ಎಂದೇ ಅರ್ಥ. ಈಗ ಅಮೋಘ ಎಂದಾಗಿದೆ. ‘ಟೆರಿಫಿಕ್ ಆ್ಯಕ್ಸಿಡೆಂಟ್’ ಎಂದರೆ ಅಪಘಾತ ಬಲು ಸೊಗಸಾಗಿತ್ತು ಎಂದಂತೆ. ವಿಚಿತ್ರವೆಂದರೆ ಅದೇ ಅಚ್ಚಿನ ‘ಹಾರಿಫಿಕ್’ ಮಾತ್ರ ಅರ್ಥ ಬದಲಿಸದೆ ಉಳಿದಿದೆ.

ಒಂದು ವಾಕ್ಯವನ್ನು ಬಿಚ್ಚಿ ಕಟ್ಟುವುದು

ಇಷ್ಟೂ ತಪ್ಪುಗಳನ್ನು ಹೊತ್ತ ಒಂದು ವಾಕ್ಯವನ್ನೇ ತೆಗೆದುಕೊಳ್ಳೋಣ: ‘ದಿ ವೆರಿ ಡಿಸಾಸ್ಟರಸ್ ಫ್ಲಡ್ ಹ್ಯಾಸ್ ಮೇಡ್ ದಿ ಫ್ಲಡ್-ಪ್ರೋನ್ ಪೀಪಲ್ ಡೆವಸ್ಟೇಟಿಂಗ್ ಆ್ಯಂಡ್ ದೇರ್ ಕಂಡಿಶನ್ ಇನ್ ದಿ ರೂಯಿನಸ್ ಹೌಸಸ್ ಈಸ್ ಪಥೆಟಿಕ್.’

ಮೊದಲು ‘ವೆರಿ’ ಹೋಗಲಿ. ಪ್ರವಾಹ ಎಂಥದ್ದು ಎನ್ನುವುದನ್ನು ಹಾನಿಯೇ ಹೇಳುವುದರಿಂದ ‘ಡಿಸಾಸ್ಟ್ರಸ್’ ಕೂಡ ಹೋಗಬಹುದು. ಜನ ಫ್ಲಡ್-ಪ್ರೋನ್ ಆಗುವುದಿಲ್ಲ, ಜಾಗ ಆಗುತ್ತದೆ. ಇಲ್ಲಿ ನೆರೆ ಬಂದಾಗಿದೆ, ಆದ್ದರಿಂದ ಅದೂ ಬೇಡ. ‘ಡೆವಸ್ಟೇಟ್’ ಅನ್ನು ವಿಶೇಷಣವಾಗಿ ಎಳೆದಾಡುವ ಬದಲು ಕ್ರಿಯಾಪದವಾಗಿಯೇ ಇಟ್ಟರೆ ಕರ್ತೃ, ಕರ್ಮ ಎರಡೂ ಸ್ಪಷ್ಟ. ಮನೆಗಳು ರೂಯಿನ್ಡ್. ‘ಪಥೆಟಿಕ್’ ಜಾಗದಲ್ಲಿ, ಅವರಿಗೆ ಏನಿಲ್ಲ ಎನ್ನುವುದನ್ನು ಬರೆಯಬೇಕು.

‘ದಿ ಫ್ಲಡ್ ಡೆವಸ್ಟೇಟೆಡ್ ತ್ರೀ ವಿಲೇಜಸ್. ಫ್ಯಾಮಿಲೀಸ್ ಆರ್ ಸ್ಟಿಲ್ ಲಿವಿಂಗ್ ಇನ್ ರೂಯಿನ್ಡ್ ಹೌಸಸ್, ಇನ್ ಡಯರ್ ನೀಡ್ ಆಫ್ ಕ್ಲೀನ್ ವಾಟರ್.’

ಐದು ಅನಾಹುತದ ವಿಶೇಷಣಗಳಿದ್ದಲ್ಲಿ ಈಗ ಎರಡಿವೆ. ಊರುಗಳ ಸಂಖ್ಯೆ ಗೊತ್ತಿದ್ದರೆ ಮನೆಗಳ ಸಂಖ್ಯೆಯೂ ಗೊತ್ತಿರುತ್ತದೆ. ಅದನ್ನೂ ಸೇರಿಸಿದರೆ ‘ರೂಯಿನ್ಡ್’ಗೆ ಬೆಂಬಲ ಸಿಗುತ್ತದೆ.